ನಮ್ಮ ಮಾವ ಹೊಡೆದ ಗೋಲು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಬೀದಿಯ ಮಕ್ಕಳ ಚೆಂಡು ಅಂಗಳಕ್ಕೆ ಬಂದು ಬಿದ್ದರೂ ಕಾಲಲ್ಲಿ ತಳ್ಳದೆ, ಬಗ್ಗಿ ಎತ್ತಿ, ಪಂಚೆಯಲ್ಲಿ ಒರೆಸಿ ಕೊಡುತ್ತಿದ್ದರು. ಇಂಥವರು ಏಷ್ಯಾ ಖಂಡದ ದೇಶದೇಶಗಳ ಹುಡುಗರು ಸೇರಿ ಆಡಿದ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನಮ್ಮ ದೇಶದ ಪರವಾಗಿ ಒಂದು ಗೋಲು ಹೊಡೆದಿದ್ದಾರೆ ಎಂದರೆ ನಂಬುತ್ತೀರಾ? ಆಟ ನಡೆದದ್ದು ದೂರದ ಮಲಯಾದಲ್ಲಿ. ಮಾವ ಕೂತಿದ್ದದ್ದು ಹೊಳೆನರಸೀಪುರದ ತಮ್ಮ ಮನೆಯ ಕಿಟಕಿಯಲ್ಲಿ. ಪಂದ್ಯ ಇಪ್ಪತ್ತು ದಾಟದ ಹುಡುಗರದ್ದು, ಮಾವನಿಗೆ ಆಗಲೇ ಐವತ್ತು ದಾಟಿತ್ತು! ನಂಬದಿದ್ದರೆ ಬಿಡಿ. ನಾನು ಕಣ್ಣಾರೆ ಕಂಡವಳು. ಕಂಡವಳೇನು ಬಂತು, ಆ ಹೊತ್ತಿನಲ್ಲಿ ರೇಡಿಯೋದ ಏರಿಯಲ್ ತಂತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದವಳು.

ಮಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರು. ಸಂಜೆಯಾದರೆ ಪುರಾಣ ಹೇಳುವವರು. ನಮ್ಮ ಕಡೆ ಒಬ್ಬರು ಎರಡು ಸಾಲು ರಾಗವಾಗಿ ಓದುವುದು, ಇನ್ನೊಬ್ಬರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವುದು ರೂಢಿ. ಮಾವ ಆ ಇನ್ನೊಬ್ಬರು. ಹಳೇಕೋಟೆಯಲ್ಲಿ ಒಮ್ಮೆ ಓದುವವರು ಒಂದು ಪದ್ಯ ಓದಿ ಮುಗಿಸಿ, ಮಾವನ ವ್ಯಾಖ್ಯಾನ ಶುರುವಾದದ್ದೇ ಮೆಲ್ಲಗೆ ಎದ್ದು ಹೋಗಿ, ಊಟ ಮಾಡಿ, ಎಲೆ‌ಅಡಿಕೆ ಹಾಕಿಕೊಂಡು ಬಂದು ಎರಡನೆಯ ಪದ್ಯ ಎತ್ತಿಕೊಂಡರಂತೆ. ಎದ್ದು ಹೋದದ್ದು ಮಾವನಿಗೆ ಗೊತ್ತೇ ಆಗಲಿಲ್ಲ.

ಪುರಾಣಕ್ಕೆ ಮಾತ್ರ ಆಗಿದ್ದರೆ ಚಿಂತೆಯಿರಲಿಲ್ಲ. ಅಕ್ಷರ ಎಲ್ಲಿ ಕಂಡರೂ ಮಾವನಿಗೆ ವ್ಯಾಖ್ಯಾನ ಬರುತ್ತಿತ್ತು, ಕೆಲವರಿಗೆ ಧೂಳು ಕಂಡರೆ ಸೀನು ಬರುವ ಹಾಗೆ. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ಬಸ್ಸಿನಲ್ಲಿ ‘ಕೈ ತಲೆ ಹೊರಗೆ ಹಾಕಬಾರದು’ ಎಂದು ಬರೆದಿದ್ದರು. ಮೊದಲು ಕೈ ಯಾಕೆ, ಆಮೇಲೆ ತಲೆ ಯಾಕೆ? ಮಾವ ವ್ಯಾಖ್ಯಾನ ಹಿಡಿದುಕೊಂಡರು. ಕಂಡಕ್ಟರೂ ಬಾಯಿ ಬಿಟ್ಟುಕೊಂಡು ಕೇಳುತ್ತಾ ಸೀಟಿ ಊದುವುದನ್ನೇ ಮರೆತ. ದಾರಿಯ ಹಳ್ಳಿಗಳಲ್ಲಿ ಇಳಿಯಬೇಕಾದವರೆಲ್ಲ ನುಗ್ಗೇಹಳ್ಳಿಯಲ್ಲಿ ಇಳಿದು ಬಿಸಿಲಲ್ಲಿ ವಾಪಸ್ಸು ನಡೆದರು. ಅವರಿಗೆ ನಡೆದದ್ದರ ಬೇಜಾರಿಲ್ಲ, ‘ತಲೆ’ಯ ಅರ್ಥ ಅರ್ಧಕ್ಕೇ ನಿಂತಿತಲ್ಲ ಎಂಬ ಬೇಜಾರು!

ಮಾವನ ಮನೆಯಲ್ಲೇ ಇದ್ದ ನನ್ನನ್ನು ಅರಕಲಗೂಡಿನವರು ಹೆಣ್ಣು ನೋಡಿಕೊಂಡು ಹೋಗಿ ‘ಯೋಚಿಸಿ ತಿಳಿಸುತ್ತೇವೆ’ ಎಂದು ಒಂದು ಕಾರ್ಡು ಹಾಕಿದರು. ಯೋಚಿಸುವವರು ವಿವೇಕಿಗಳು, ತಿಳಿಸುವವರು ಸಂಸ್ಕಾರವಂತರು, ಇಂಥ ಮನೆ ಸಿಕ್ಕುವುದು ನಮ್ಮ ಪುಣ್ಯ ಎಂದು ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರು ಕುದಿದು ಬತ್ತುವವರೆಗೂ ಅರ್ಥ ಹೇಳಿದರು. ಆ ಹುಡುಗನಿಗೆ ಆ ತಿಂಗಳೇ ಬೇರೆ ಕಡೆ ಮದುವೆಯಾಯಿತು. ನಮ್ಮ ಅತ್ತೆ, “ಇವರ ಬಾಯಿಗೆ ತುತ್ತು ಇಟ್ಟಾಗ ಮಾತ್ರ ಪೂರ್ಣವಿರಾಮ” ಎನ್ನುತ್ತಿದ್ದರು.

ಆದರೆ ಒಂದು ಮಾತು. ಮಾವ ಎಷ್ಟೇ ಹಿಗ್ಗಿಸಲಿ, ಮೂಲದಲ್ಲಿ ಇಲ್ಲದ್ದನ್ನು ಒಂದಕ್ಷರ ಸೇರಿಸಿದವರಲ್ಲ. ಕೊಣನೂರಿನ ಸಾಹುಕಾರರೊಬ್ಬರು ತಮ್ಮ ಮುತ್ತಾತನ ಹೆಸರನ್ನು ಪುರಾಣದ ರಾಜರ ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ ತೂರಿಸಿ ಎಂದಾಗ, ಮಾವ ಹೊದ್ದಿದ್ದ ಶಾಲನ್ನು ಮಡಿಸಿಟ್ಟು ಎದ್ದು ಬಂದರು. ಕ್ರಯಪತ್ರದಲ್ಲಿ ಇಲ್ಲದ ಗದ್ದೆಯನ್ನು ಸೇರಿಸಿದರೆ ಜೈಲು, ಪುರಾಣದಲ್ಲಿ ಇಲ್ಲದ ರಾಜನನ್ನು ಸೇರಿಸಿದರೆ ನರಕ ಎನ್ನುವುದು ಅವರ ಕಾನೂನು. ಹೀಗಾಗಿ ನಾಲ್ಕು ತಾಲ್ಲೂಕಿನಲ್ಲಿ ಅವರ ಮಾತೆಂದರೆ ಮಾತು.

ಇಂಥ ನಮ್ಮ ಮನೆಗೆ ಫುಟ್‌ಬಾಲು ಹೇಗೆ ಬಂತು? ಪುಟ್ಟಸ್ವಾಮಿಯಿಂದ. ಪುಟ್ಟಸ್ವಾಮಿ ನಮ್ಮೂರ ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರುವ ಕಾಳಮ್ಮನ ಮಗ. ತಂದೆಯಿಲ್ಲದ ಹುಡುಗ. ಗಿರಣಿಯವರು ಭತ್ತ ಒಣಗಿಸುವ ಕಣದಲ್ಲಿ ಚಿಂದಿಬಟ್ಟೆಯ ಉಂಡೆ ಒದ್ದು ಒದ್ದು ಆಟ ಕಲಿತವನು. ಹಾಸನದ ಹೈಸ್ಕೂಲಿಗೆ ಸೇರಿ, ಅಲ್ಲಿಯ ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿದ್ದು, ಬೆಂಗಳೂರಿಗೆ ಹೋಗಿ, ಐವತ್ತರ ದಶಕ ಮುಗಿದು ಅರವತ್ತು ಕಾಲಿಡುವ ಹೊತ್ತಿಗೆ ದೇಶದ ಕಿರಿಯರ ತಂಡಕ್ಕೇ ಆರಿಸಲ್ಪಟ್ಟ. ವಿಮಾನದಲ್ಲಿ ಮಲಯಾಕ್ಕೆ ಹೋದ!

ಸುದ್ದಿ ಬಂದದ್ದೇ ತಡ, ಹುಡುಗ ಯಾರವನು ಎಂದು ಜಗಳ ಶುರುವಾಯಿತು. ಓದಿಸಿದ್ದು ನಾವು ಎಂದರು ಹಾಸನದವರು. ತಾಯಿಯ ತವರು ನಮ್ಮದು, ಹೆರಿಗೆ ಆದದ್ದೂ ಇಲ್ಲೇ ಎಂದರು ಅರಕಲಗೂಡಿನವರು. ಏನೂ ಇಲ್ಲದ ಚನ್ನರಾಯಪಟ್ಟಣದವರು ಅವನು ಒಮ್ಮೆ ಪಂದ್ಯಕ್ಕೆ ಬಂದಾಗ ಒಡೆದ ಕಿಟಕಿಯ ಗಾಜನ್ನು ಇಟ್ಟುಕೊಂಡು ಹೆಮ್ಮೆಪಟ್ಟರು. ಅಲ್ಲಿಯವರೆಗೂ ಆ ಕಿಟಕಿಯ ಯಜಮಾನರು ಅವನನ್ನು ಹುಡುಕುತ್ತಿದ್ದರಂತೆ, ಹೊಡೆಯುವುದಕ್ಕೆ.

ನಮ್ಮ ಬೀದಿಗೆಲ್ಲ ರೇಡಿಯೋ ಇದ್ದದ್ದು ಮಾವನ ಮನೆಯಲ್ಲಿ ಮಾತ್ರ. ಮಲಯಾದ ಸ್ಟೇಷನ್ನು ಇಂಗ್ಲಿಷಿನಲ್ಲಿ ಆಟದ ವರ್ಣನೆ ಕೊಡುತ್ತದೆ ಎಂದು ಯಾರೋ ಹೇಳಿದರು. ಇಂಗ್ಲಿಷಿನಲ್ಲಿ ಎರಡು ಸಾಲು, ಕನ್ನಡದಲ್ಲಿ ಅದರ ವ್ಯಾಖ್ಯಾನ! ಇದಕ್ಕಿಂತ ಇನ್ನೇನು ಬೇಕು ಮಾವನಿಗೆ? ಒಂದು ವಾರ ಮುಂಚಿನಿಂದ ಊರಿನ ಡ್ರಿಲ್ ಮೇಷ್ಟ್ರನ್ನು ಮನೆಗೆ ಕರೆಸಿ ಆಟದ ನಿಯಮ ಕಲಿತರು. ಆಫ್‌ಸೈಡ್ ಎಂದರೇನು ಎಂದು ಮೇಷ್ಟ್ರು ಒಂದು ಮಾತಿನಲ್ಲಿ ಹೇಳಿದರು. ಮಾವ ಅದಕ್ಕೆ ಎಷ್ಟು ಅರ್ಥ ಹೇಳಿದರೆಂದರೆ, ಮೇಷ್ಟ್ರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಇಷ್ಟು ದಿನ ನಂಗೆ ಗೊತ್ತಿತ್ತು ಸಾ, ಈಗ ಅನುಮಾನ ಬತ್ತಾ ಅದೆ” ಎಂದರು.

ಆ ಮಧ್ಯಾಹ್ನ ಬೀದಿ ತುಂಬಿತು. ನಾಲ್ಕೂ ಊರಿನವರು ಬಂದಿದ್ದರು. ಮಾವ ಶಾಲು ಹೊದ್ದು ಕಿಟಕಿಯಲ್ಲಿ ಕೂತರು. ರೇಡಿಯೋ ಗೊರಗೊರ ಎಂದಿತೇ ವಿನಾ ಸ್ಟೇಷನ್ನು ಸಿಕ್ಕಲಿಲ್ಲ. ನಾನು ಏರಿಯಲ್ ತಂತಿ ಹಿಡಿದು ಕೈ ಎತ್ತಿದೆ, ಮಲಯಾ ಬಂತು. ಇಳಿಸಿದೆ, ಹೋಯಿತು. “ಎತ್ಕೊಂಡೇ ಇರು” ಎಂದರು ಮಾವ. ದನಿ ತೀರ ಸಣ್ಣದಾಗಿ ಬರುತ್ತಿತ್ತು, ಪೆಟ್ಟಿಗೆಗೆ ಕಿವಿಯಿಟ್ಟ ಮಾವನಿಗೆ ಮತ್ತು ಪಕ್ಕದಲ್ಲಿ ನಿಂತ ನನಗೆ ಮಾತ್ರ ಕೇಳುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಅಲ್ಪಸ್ವಲ್ಪ ಇಂಗ್ಲಿಷು ಬರುತ್ತಿತ್ತು.

ಕಾಳಮ್ಮ ಗಿರಣಿಯಿಂದ ನೇರವಾಗಿ ಬಂದಿದ್ದಳು, ತಲೆಯ ಮೇಲೆ ಇನ್ನೂ ತೌಡಿನ ಧೂಳು. ಜಗಲಿಯ ಮೇಲೆ ಕೂರುವ ಜನ ಅಲ್ಲ ಅವರು. ಬೀದಿಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದಳು. ಅಲ್ಲಿಂದಲೇ ಕೈಮುಗಿದು, “ಸಾ, ನನ್ ಮಗನ ಎಸ್ರು ಬಂದಾಗ ವಸಿ ಗಟ್ಟಿಯಾಗಿ ಯೋಳಿ” ಎಂದಳು.

ರೇಡಿಯೋದವನು ನಮ್ಮ ಹನ್ನೊಂದು ಆಟಗಾರರ ಹೆಸರು ಓದಿದ. ಮಾವ ಬೆರಳು ಮಡಿಚುತ್ತಾ ಹೋದರು. ಹನ್ನೊಂದೂ ಮುಗಿಯಿತು. ಪುಟ್ಟಸ್ವಾಮಿ ಇರಲಿಲ್ಲ. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

ಮಾವ ನನ್ನ ಕಡೆ ನೋಡಿದರು. ಆಮೇಲೆ ಹೊಂಗೆ ಮರದ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡು ಬೀದಿ ಪೂರ್ತಿ ಕೇಳುವ ಹಾಗೆ, “ಹೊಳೆನರಸೀಪುರದ ನಮ್ಮ ಪುಟ್ಟಸ್ವಾಮಿ!” ಎಂದುಬಿಟ್ಟರು.

ಬೀದಿ ಹುಚ್ಚೆದ್ದು ಕೂಗಿತು. ಮಾವನ ಹಣೆಯಲ್ಲಿ ಬೆವರು. ಜನ್ಮದಲ್ಲಿ ಮೊದಲ ಸಲ ಮೂಲದಲ್ಲಿ ಇಲ್ಲದ್ದನ್ನು ಹೇಳಿದ್ದರು. ಹೇಳಿದ ಮೇಲೆ ಮುಗಿಯಿತೇ? ಆಟಕ್ಕೆ ಇಳಿಸಿದ ಹುಡುಗನನ್ನು ಸುಮ್ಮನೆ ನಿಲ್ಲಿಸುವ ಹಾಗಿಲ್ಲ! ಮೊದಲು ಅವನನ್ನು ಒಂದು ಮೂಲೆಗೆ ಕಳಿಸಿ, ಅಲ್ಲಿ ಬಿಸಿಲು ಜಾಸ್ತಿ ಎಂದರು. ಜನ ಬಿಡಲಿಲ್ಲ. “ಸಾ, ಪುಟ್ಟ ಎಲ್ಲವ್ನೆ?” ಎಂದು ಕೇಳಿದ್ದೇ ಕೇಳಿದ್ದು. ಚೆಂಡು ಕೊಟ್ಟರು. ಕೊಟ್ಟ ಚೆಂಡನ್ನು ಕಿತ್ತುಕೊಳ್ಳಲು ಮನಸ್ಸು ಬಾರದೆ ಅವನು ಮೈದಾನವನ್ನು ಉದ್ದಕ್ಕೂ ಅಗಲಕ್ಕೂ ಸುತ್ತುವಂತೆ ಮಾಡಿದರು. ಅಷ್ಟರಲ್ಲಿ ರೇಡಿಯೋದಲ್ಲಿ ನಮ್ಮವನೊಬ್ಬ, ಬೇರೆ ಯಾವನೋ, ನಿಜವಾಗಿಯೂ ಗೋಲು ಹೊಡೆದ. ಮಾವ ಎದ್ದು ನಿಂತರು.

“ಪುಟ್ಟಸ್ವಾಮಿ ಮುಂದೆ ಬಂದ. ಒಬ್ಬನನ್ನ ದಾಟಿದ. ಇನ್ನೊಬ್ಬನನ್ನ ದಾಟಿದ. ತಾಯಿಯನ್ನ ನೆನೆದ. ಬಲಗಾಲು ಎತ್ತಿ ಒದ್ದನಯ್ಯ, ಗೋಲು!”

ಎದುರಾಳಿ ದೇಶ ಯಾವುದೆಂದು ಹೇಳುವುದಿಲ್ಲ, ಅವರ ಮೇಲೆ ನಮಗೇನೂ ಹಗೆಯಿಲ್ಲ. ಕೊನೆಗೆ ಅವರೇ ಗೆದ್ದರು. ಅದನ್ನು ಮಾವ ಇದ್ದ ಹಾಗೆಯೇ ಹೇಳಿದರು. ಸೋತ ದುಃಖ ಯಾರಿಗಿತ್ತು? ನಮ್ಮ ಹುಡುಗ ಗೋಲು ಹೊಡೆದಿದ್ದ! ಅರಕಲಗೂಡಿನವರು ಆ ಬಲಗಾಲಿನ ಬಲ ತಾಯಿಯ ತವರಿನದೆಂದರು. ಹಾಸನದವರು ಬಲ ಯಾರದ್ದಾದರೂ ಆಗಲಿ, ಗುರಿ ತಮ್ಮದೆಂದರು. ಹೊಂಗೆ ಮರದ ಕೆಳಗೆ ಕಾಳಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಗಿರಣಿಗೆ ವಾಪಸ್ಸು ಹೋದಳು.

ಮಾರನೆಯ ದಿನ ಬೆಂಗಳೂರಿನಿಂದ ಪೇಪರು ಬಂತು. ಗೋಲು ಹೊಡೆದವನ ಹೆಸರು ಬೇರೆ. ಆದರೆ ನಮ್ಮೂರು ಎಂಥ ಊರು! ಕಾಫಿ ಹೋಟೆಲಿನಲ್ಲಿ ಪೇಪರನ್ನು ಓದಿ, ತಿರುಗಿಸಿ ಓದಿ, ಕೊನೆಗೆ ಪೇಪರಿನದೇ ತಪ್ಪು ಎಂದು ತೀರ್ಮಾನ ಮಾಡಿದರು. ಪೇಪರಿನವರು ಒಂದಕ್ಕೆ ಎರಡು ಸೇರಿಸಿ ಬರೆಯುತ್ತಾರೆ, ನಮ್ಮ ಪುರಾಣದ ಸ್ವಾಮಿಗಳು ಒಂದಕ್ಷರ ಸೇರಿಸುವವರೇ? ಆ ಪೇಪರನ್ನು ತರಿಸುವುದನ್ನೇ ಹೋಟೆಲಿನವನು ನಿಲ್ಲಿಸಿದ.

ಮಾವ ಮಾತು ಬಿಟ್ಟರು. ಹಳೇಕೋಟೆಯಿಂದ ಪುರಾಣಕ್ಕೆ ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎಂದು ಹೇಳಿಸಿದರು. ಮದುವೆಯ ಕರೆಯೋಲೆ ಬಂದರೆ ಓದಿ, “ಮದುವೆಯಂತೆ” ಎಂದು ಮಡಿಸಿಟ್ಟರು. ಅತ್ತೆ ಹೆದರಿ ಡಾಕ್ಟರನ್ನು ಕರೆಸಿದರು. ಡಾಕ್ಟರ ಚೀಟಿಗೂ ವ್ಯಾಖ್ಯಾನ ಬರಲಿಲ್ಲ. ಅದರ ಮೇಲೆ ಪುಟ್ಟಸ್ವಾಮಿ ಊರಿಗೆ ಬರುವ ದಿನ ಮೈದಾನದಲ್ಲಿ ಸನ್ಮಾನ, ಆ ಗೋಲಿನ ವರ್ಣನೆಯನ್ನು ಮಾವನೇ ಅವನೆದುರು ಇನ್ನೊಮ್ಮೆ ಹೇಳಬೇಕು ಎಂದು ನಾಲ್ಕೂ ಊರಿನವರು ಸೇರಿ ನಿಶ್ಚಯ ಮಾಡಿದ್ದರು.

ಆ ಸಂಜೆ ಪುಟ್ಟಸ್ವಾಮಿ ವೇದಿಕೆಯ ಮೇಲೆ ಕೊರಳ ತುಂಬ ಹಾರ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ. ಬಸ್ಸಿಳಿದಾಗಿನಿಂದ ತಾನು ಹೊಡೆಯದ ಗೋಲಿನ ವರ್ಣನೆ ಕೇಳಿ ಕೇಳಿ ಹುಡುಗ ಕಂಗಾಲಾಗಿದ್ದ. ಇಲ್ಲ ಎಂದು ಬಾಯಿ ತೆರೆದರೆ ವಿನಯ ನೋಡಿ ವಿನಯ ಎಂದು ಇನ್ನೊಂದು ಹಾರ ಹಾಕುತ್ತಿದ್ದರು! ಮಾವ ಎದ್ದು ನಿಂತರು. ಶಾಲು ಹೊದ್ದಿರಲಿಲ್ಲ.

“ರೇಡಿಯೋದಲ್ಲಿ ಈ ಹುಡುಗನ ಹೆಸರು ಬರಲಿಲ್ಲ. ಇವನನ್ನ ಆಡಿಸಲಿಲ್ಲ. ಆ ಗೋಲು ಹೊಡೆದವನು ಬೇರೆ. ಇಲ್ಲದ್ದನ್ನ ಸೇರಿಸಿದವನು ನಾನು. ತಪ್ಪು ನಂದು, ಹುಡುಗಂದಲ್ಲ” ಎಂದರು.

ಹಿಂದೆ ಯಾರೋ ಎದ್ದು ಹೊರಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಮಾವ ಮುಂದುವರಿಸಿದರು.

“ಮೂಲದಲ್ಲಿ ಇರೋದು ಇಷ್ಟೇ. ಹೋದ, ಹೊರಗೆ ಕೂತ, ಬಂದ. ಇದಕ್ಕೆ ಅರ್ಥ ಹೇಳ್ತೀನಿ, ಕೂತ್ಕೊಳ್ಳಿ.”

ಹೇಳಿದರು ನೋಡಿ! ಆ ಬೆಂಚು ಯಾವ ಬೆಂಚು? ಎಲ್ಲಿ ಶುರುವಾಗಿ ಎಲ್ಲಿಗೆ ಮುಟ್ಟಿದ ಬೆಂಚು? ಇಷ್ಟು ದೊಡ್ಡ ದೇಶದ ಹುಡುಗರನ್ನೆಲ್ಲ ಜರಡಿ ಹಿಡಿದು, ಬೆರಳೆಣಿಕೆಯಷ್ಟು ಉಳಿಸಿಕೊಂಡು, ಅದರಲ್ಲಿ ನಮ್ಮ ಗಿರಣಿಯ ಕಣದ ಹುಡುಗನೂ ಒಬ್ಬ ಉಳಿದನಲ್ಲ, ಆ ಜರಡಿಯ ಕಣ್ಣು ಎಷ್ಟು ಸಣ್ಣದು? ಒಳಗೆ ಆಡುವವನಿಗೆ ಚೆಂಡಿನ ಧ್ಯಾನ. ಕರೆದಾರೆಂದು ಬೂಟಿನ ದಾರ ಕಟ್ಟಿಕೊಂಡು ಕೊನೆಯವರೆಗೂ ಕೂತವನ ಧ್ಯಾನ ಎಂಥದ್ದು? ಒಂದಕ್ಷರ ಸುಳ್ಳಿಲ್ಲ, ಒಂದಕ್ಷರ ಹೆಚ್ಚಿಲ್ಲ. ಎದ್ದು ಹೊರಟವರು ಬಂದು ಕೂತರು. ಪುಟ್ಟಸ್ವಾಮಿ ಮೆಲ್ಲಗೆ ತಲೆ ಎತ್ತಿದ. ಮಾವನ ಎಷ್ಟೋ ಪುರಾಣ ಕೇಳಿದ್ದೇನೆ, ಅವರ ಸೋದರಸೊಸೆ ನಾನು ಎಂದು ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಮಾವ ಮೈದಾನದ ಅಂಚಿನಲ್ಲಿ ಮಗನ ಜೊತೆ ನಿಂತಿದ್ದ ಕಾಳಮ್ಮನ ಹತ್ತಿರ ಹೋದರು. ನಿನಗೆ ಮೋಸ ಮಾಡಿದೆ, ಕ್ಷಮಿಸು ಎಂದರು.

“ನಂಗೆ ಅವತ್ತೇ ಗೊತ್ತಾಯ್ತು ಸಾ” ಎಂದಳು ಕಾಳಮ್ಮ. “ನೀವು ಬಲಗಾಲಲ್ಲಿ ಒದೆಸುದ್ರಿ. ನನ್ ಮಗ ಎಡಗಾಲ್ನೋನು.”

ಮಾವ ಬೆಪ್ಪಾದರು. ಶುಭಕಾರ್ಯಕ್ಕೆ ಎಡಗಾಲು ಯಾರಾದರೂ ಎತ್ತುತ್ತಾರೆಯೇ? ಅದು ಅವರ ಬಾಯಲ್ಲಿ ತಾನಾಗಿ ಬಲಗಾಲಾಗಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಮತ್ತೆ ಯಾಕಮ್ಮ ಸುಮ್ಮನಿದ್ದೆ?”

“ಈ ಬೀದಿಲಿ ನಮ್ ಉಡುಗುನ್ನ ಎಲ್ರೂ ‘ಲೇ’ ಅಂತಲೇ ಕರ್ದವ್ರೆ ಸಾ. ಅವತ್ತು ನೀವು ಅಷ್ಟು ಜನದ ಮುಂದೆ ‘ನಮ್ಮ ಪುಟ್ಟಸ್ವಾಮಿ’ ಅಂದ್ರಿ. ಗೋಲು ಯಾರಾರ ಒಡ್ಕಳ್ಳಿ. ನಂಗೆ ಅಷ್ಟು ಸಾಕಾಗಿತ್ತು.”

ಇಬ್ಬರೂ ಬನ್ನಿ, ನಮ್ಮ ಮನೆಯಲ್ಲಿ ಊಟ ಮಾಡಿಕೊಂಡು ಹೋಗುವಿರಂತೆ ಎಂದರು ಮಾವ. ಕಾಳಮ್ಮ ಬೇಡವೆಂದಳು, ಮಾವ ಕೇಳಲಿಲ್ಲ. ನಾವು ನಾಲ್ವರೂ ಬೀದಿಯ ಉದ್ದಕ್ಕೂ ನಡೆದೆವು. ಜಗಲಿಗಳ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದ ಅತ್ತೆ ನಮ್ಮನ್ನು ಒಂದು ಗಳಿಗೆ ನೋಡಿ, ಎಲೆ ಹಾಕಲು ಒಳಗೆ ಹೋದರು. ಪುಟ್ಟಸ್ವಾಮಿ ಮೆಟ್ಟಿಲ ಕೆಳಗೆ ನಿಂತುಬಿಟ್ಟ. ಆ ಹೊಸ್ತಿಲನ್ನು ಅವನ ಕಡೆಯವರು ಯಾರೂ ದಾಟಿದ್ದಿಲ್ಲ.

“ಬಾರಪ್ಪ, ಬಲಗಾಲಿಟ್ಟು…” ಎಂದು ಅಭ್ಯಾಸಬಲದಿಂದ ಶುರುಮಾಡಿದ ಮಾವ ಅಲ್ಲಿಗೇ ತಡೆದರು. ಕೆಳಗಿಳಿದು ಬಂದು ಹುಡುಗನ ಕೈ ಹಿಡಿದುಕೊಂಡರು.

“ಯಾವ ಕಾಲಾದ್ರೂ ಇಡು, ಪುಟ್ಟಸ್ವಾಮಿ. ಒಳಗೆ ಬಾ.”