ಕಾಕಾರಿಗೆ ಸಿಕ್ಕ ಮೆಡಿಕಲ್ ಸೀಟು

ನಮ್ಮ ಮನೆಯಲ್ಲಿ ಒಬ್ಬರಿಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹೊಟ್ಟೆಕಿಚ್ಚು ಪಡಬೇಡಿ. ಅವರು ಪ್ರವೇಶ ಪರೀಕ್ಷೆ ಬರೆದಿಲ್ಲ, ಕೋಚಿಂಗಿಗೆ ಹೋಗಿಲ್ಲ, ಡೊನೇಷನ್ ಅಂತ ಒಂದು ರೂಪಾಯಿ ಬಿಚ್ಚಿಲ್ಲ. ವಯಸ್ಸು ಎಪ್ಪತ್ಮೂರು. ಹೊತ್ತು ಬಂದಾಗ ಕಾಲೇಜಿನವರೇ ಗಾಡಿ ಕಳಿಸಿ ಕರೆದುಕೊಂಡು ಹೋಗುತ್ತಾರಂತೆ. ಸೇರುವ ತಾರೀಖು ಮಾತ್ರ ಇನ್ನೂ ಗೊತ್ತಾಗಿಲ್ಲ.

ಇವರು ನನ್ನ ಯಜಮಾನರ ಕಾಕಾ, ಅಂದರೆ ನಮ್ಮ ಮಾವನವರ ತಮ್ಮ. ಮದುವೆ ಆಗಲಿಲ್ಲ. ಯಲಬುರ್ಗಾದ ಕಡೆ ಒಂದು ಸರಕಾರಿ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವರು, ನಿವೃತ್ತಿಯಾದ ದಿನವೇ ಒಂದು ಟ್ರಂಕು, ಒಂದು ಸ್ಟೂಲು ಹಿಡಿದುಕೊಂಡು ಕೊಪ್ಪಳಕ್ಕೆ, ನಮ್ಮ ಮನೆಗೆ ಬಂದರು. ಸ್ಟೂಲು ಯಾಕ್ರಿ ಅಂತ ಕೇಳಿದ್ದಕ್ಕೆ, "ಮೂವತ್ತೊಂದು ವರ್ಷ ಇದರ ಮ್ಯಾಲ ಕುಂತೀನವಾ. ಕುರ್ಚಿ ಮ್ಯಾಲ ಕುಂತ್ರ ನನ್ನ ಬೆನ್ನಿಗೇ ನನ್ನ ಗುರ್ತು ಹತ್ತಂಗಿಲ್ಲ" ಅಂದರು. ಟ್ರಂಕಿನಲ್ಲಿ ಇದ್ದದ್ದು ನಾಲ್ಕು ಧೋತ್ರ, ಎರಡು ಅಂಗಿ, ಮತ್ತು ಗಾಯಕ್ಕೆ ಸುತ್ತುವ ಪಟ್ಟಿಯಲ್ಲಿ ಸುತ್ತಿಟ್ಟ ಒಂದು ದಪ್ಪ ಪುಸ್ತಕ. ನಮ್ಮ ಗ್ರಹಚಾರವೆಲ್ಲ ಆ ಪಟ್ಟಿಯೊಳಗೇ ಇತ್ತು.

ಹಳೆ ದವಾಖಾನೆ ಕೆಡವುವಾಗ ರದ್ದಿಯಲ್ಲಿ ಸಿಕ್ಕ ಪುಸ್ತಕ ಅದು. ರಟ್ಟಿಲ್ಲ, ಮೊದಲಿನ ಹಾಳೆಗಳಿಲ್ಲ, ಬರೆದವರು ಯಾರೋ ದೇವರಿಗೇ ಗೊತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಡಾಕ್ಟರಿಕೆ ಹೇಗೆ ಕಲಿಸುತ್ತಿದ್ದರು, ಅದಕ್ಕೆ ಎಷ್ಟು ಖರ್ಚು ಬರುತ್ತಿತ್ತು ಅನ್ನುವುದೇ ಅದರಲ್ಲಿರುವ ವಿಷಯ. ಇಂಥ ಪುಸ್ತಕ ಕೊಪ್ಪಳದಲ್ಲಿ ಯಾರಿಗೆ ಬೇಕು ಹೇಳಿ? ಯಾರಿಗೂ ಬೇಡವಾದದ್ದು ಸೀದಾ ನಮ್ಮ ಮನೆಗೇ ಬರುತ್ತದೆ. ಕಾಕಾ ಡಿಕ್ಷನರಿಯನ್ನು ತೊಡೆಯ ಮೇಲಿಟ್ಟುಕೊಂಡು ದಿನಕ್ಕೆ ಒಂದು ಪುಟ ಓದುತ್ತಾರೆ, ಓದಿದ್ದನ್ನು ದಿನವಿಡೀ ನಮಗೆ ಹೇಳುತ್ತಾರೆ. ಹಾಲಿನವನು, ಗ್ಯಾಸಿನವನು, ಓಟು ಕೇಳಲು ಬಂದವರು, ಯಾರೂ ತಪ್ಪಿಸಿಕೊಂಡಿಲ್ಲ. "ರಾಣಿ ಕಾಲದಾಗ ಏನು ಮಾಡ್ತಿದ್ರು ಗೊತ್ತೇನು?" ಅಂತ ಶುರುವಾದರೆ ನಾನು ಒಲೆ ಸಣ್ಣ ಮಾಡಿಬಿಡುತ್ತೇನೆ.

ಆ ಕಾಲದಲ್ಲಿ ಹದಿನೈದು ಹದಿನಾರರ ಹುಡುಗನನ್ನು ಔಷಧ ಕೊಡುವ ಡಾಕ್ಟರನೊಬ್ಬನ ಅಂಗಡಿಯಲ್ಲಿ ಐದು ವರ್ಷ ಬಿಡುತ್ತಿದ್ದರಂತೆ. ದುಡಿಸಿಕೊಳ್ಳುವವನೇ ದುಡ್ಡು ಕೊಡುವುದು ನ್ಯಾಯ, ಆದರೆ ಅಲ್ಲಿ ಹುಡುಗನ ಅಪ್ಪನೇ ಡಾಕ್ಟರನಿಗೆ ಕೈತುಂಬ ಕೊಡಬೇಕು. ಹುಡುಗ ಕಸ ಹೊಡೆಯಬೇಕು, ಗುಳಿಗೆ ಉಂಡೆ ಕಟ್ಟಬೇಕು, ಬಾಟಲಿ ತೊಳೆಯಬೇಕು. ಆಮೇಲೆ ಲಂಡನ್ನಿಗೆ ಹೋಗಿ ಒಂದೊಂದು ಪಾಠಕ್ಕೂ ಬೇರೆ ಬೇರೆ ಟಿಕೆಟ್ ತೆಗೆಸಬೇಕು, ನಾಟಕಕ್ಕೆ ತೆಗೆಸಿದ ಹಾಗೆ. ವಾರ್ಡಿನಲ್ಲಿ ದೊಡ್ಡ ಡಾಕ್ಟರ ಬೆನ್ನ ಹಿಂದೆ ತಿರುಗಾಡಲಿಕ್ಕೂ ದುಡ್ಡು. ರೋಗಿಯ ಗಾಯಕ್ಕೆ ಪಟ್ಟಿ ಕಟ್ಟಬೇಕೆಂದರೆ ಇನ್ನಷ್ಟು ದುಡ್ಡು.

"ಪಟ್ಟಿ ಕಟ್ಟಿದವರಿಗೆ ಪಗಾರ ಕೊಡೂದಲ್ಲೇನ್ರಿ ಕಾಕಾರ?" ಅಂತ ಒಮ್ಮೆ ಕೇಳಿದೆ.

"ಅಲ್ಲೇ ಐತಿ ನೋಡು ಗುಟ್ಟು. ಅಲ್ಲಿ ಹುಡುಗೂರು ದುಡ್ಡು ಕೊಟ್ಟು ಪಟ್ಟಿ ಕಟ್ಟಿದ್ರು, ಡಾಕ್ಟರ್ ಆದ್ರು. ನನಗ ಸರಕಾರ ಪಗಾರ ಕೊಟ್ಟು ಕಟ್ಟಿಸ್ತು, ಕಂಪೌಂಡರ್ ಆಗೇ ಉಳದೆ."

ನನ್ನ ಯಜಮಾನರು ಅಳವಂಡಿಯಲ್ಲಿ ಸಾಲಿ ಮಾಸ್ತರು. ಲೆಕ್ಕ ತಪ್ಪಿದರೆ ಸುಮ್ಮನಿರುವವರಲ್ಲ. "ಆ ಕಾಲದಾಗ ಹುಟ್ಟಿದ್ರ ಐದು ವರ್ಷದ ರೊಕ್ಕ ನಮ್ಮ ಅಜ್ಜ ಎಲ್ಲಿಂದ ತರತಿದ್ದ ಕಾಕಾ? ನಮ್ಮದು ಇದ್ದದ್ದು ಒಂದು ಎಮ್ಮಿ."

"ಈ ಕಾಲದಾಗೂ ಅದೊಂದೇ ಎಮ್ಮಿ ಇತ್ತು" ಅಂದರು ಕಾಕಾ. ಅವರಿಗೆ ಓದುವ ಆಸೆ ಇತ್ತು, ಓದಿಸುವವರು ಇರಲಿಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಆಗ.

ಇಷ್ಟೇ ಆಗಿದ್ದರೆ ನಾನೂ ಹೇಗೋ ಕಿವಿಗೆ ಹತ್ತಿ ಇಟ್ಟುಕೊಂಡು ಬಾಳುತ್ತಿದ್ದೆ. ಆದರೆ ನಮ್ಮ ಒಬ್ಬಳೇ ಮಗಳಿಗೆ ಡಾಕ್ಟರ್ ಆಗಬೇಕು ಅನ್ನುವ ಹುಚ್ಚು ಹಿಡಿಯಿತು. ಯಾರು ಹಿಡಿಸಿದರು ಅಂತ ಬೇರೆ ಹೇಳಬೇಕೆ? ಪರೀಕ್ಷೆ ಬರೆದಳು. ಆಗಲಿಲ್ಲ. ಇನ್ನೊಂದು ವರ್ಷ ಮನೆಯಲ್ಲೇ ಕೂತು ಓದಿ ಮತ್ತೆ ಬರೆದಳು. ಕಾಕಾ ಅವಳಿಗೆ ಹಳೆ ಲಗ್ನಪತ್ರಿಕೆಗಳ ಹಿಂದೆ ರಾಣಿ ಕಾಲದ ಟಿಕೆಟ್ ಮಾಡಿಕೊಟ್ಟರು. ಪಾಠ ಮುಗಿದ ಮೇಲೆ "ತಪ್ಪದೆ ಹಾಜರಿದ್ದಾಳೆ" ಅಂತ ಬರೆದು ಸಹಿ ಹಾಕುವುದು. ಎಲುಬಿನ ಪಾಠಕ್ಕೆ ಒಂದು ಅಸ್ಥಿಪಂಜರ ಬೇಕಾಯಿತಲ್ಲ, ಅದಕ್ಕೆ ಎಲ್ಲಿಗೆ ಹೋದರು ಗೊತ್ತೆ? ಕಿನ್ನಾಳಕ್ಕೆ. ಕಟ್ಟಿಗೆ ಗೊಂಬೆ ಮಾಡುವವರ ಮುಂದೆ ಕೂತು, ಒಂದು ಎಲುಬಿನ ಗೊಂಬೆ ಮಾಡಿಕೊಡ್ರಿ ಅಂದರು.

"ನಮ್ಮ ಕೈಗೆ ದೇವರು ಬರ್ತಾವ್ರಿ, ಎಲುಬು ಬರೂದಿಲ್ಲ" ಅಂದರಂತೆ ಅವರು.

"ದೇವರೊಳಗ ಎಲುಬು ಇರಂಗಿಲ್ಲೇನು?"

"ಇದ್ದೀತು ಬಿಡ್ರಿ. ಅದು ಕಾಣಬಾರದಂತನ ಬಣ್ಣ ಹಚ್ಚೂದು."

ಬರಿಗೈಯಲ್ಲಿ ಬರಲು ಮನಸ್ಸಾಗದೆ ಒಂದು ಗೌರಿಯನ್ನು ತಂದರು. ಮೂರನೆಯ ದಿನ ನೋಡುತ್ತೇನೆ, ಗೌರಿಯ ಮೈಮೇಲೆಲ್ಲ ಎಲುಬು ಬರೆದ ಪೆನ್ಸಿಲ್ ಗೀಟು. "ಗೌರಿ ಹುಣ್ಣಿವಿಗಿ ನಾ ಈಕಿಗೆ ಆರತಿ ಬೆಳಗಬೇಕ್ರಿ ಕಾಕಾರ!"

"ಬೆಳಗವಾ. ಎಲುಬಿಗೂ ಮುಟ್ಟತೈತಿ."

ಎರಡನೆಯ ಸಲವೂ ಸರಕಾರಿ ಸೀಟು ಬರಲಿಲ್ಲ. ಗಂಗಾವತಿಯಲ್ಲಿ ಖಾಸಗಿ ಸೀಟು ಕೊಡಿಸುವ ಒಬ್ಬನಿದ್ದಾನೆ ಅಂತ ಯಾರೋ ಹೇಳಿದರು. ಯಜಮಾನರು ಹೋಗಿಬಂದು, ಚಪ್ಪಲಿ ಸಹ ಬಿಡದೆ ನಿಂತು ಎರಡು ತಂಬಿಗೆ ನೀರು ಕುಡಿದರು. ನಮ್ಮ ಮನೆ, ಮನೆಯ ಕೆಳಗಿನ ಜಾಗ, ನನ್ನ ಮೈಮೇಲಿನದ್ದು, ಎಲ್ಲ ಮಾರಿದರೂ ಎರಡನೆಯ ವರ್ಷಕ್ಕೆ ಸಾಕಾಗುತ್ತಿರಲಿಲ್ಲ. ಮಗಳು ಬಾಗಿಲು ಹಾಕಿಕೊಂಡಳು. ಮೂರು ದಿನ ರೊಟ್ಟಿ ಮುಟ್ಟಲಿಲ್ಲ. ಕಾಕಾ ಹೊಸ್ತಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಮುಚ್ಚಿದ ಬಾಗಿಲಿಗೆ ಹೇಳಿದರು: "ರಾಣಿ ಕಾಲದಾಗ ಹೆಣ್ಣುಮಕ್ಕಳನ್ನ ಒಳಗ ಬಿಡತಿದ್ದಿಲ್ಲ ತಂಗಿ. ನಿನಗ ಬಾಗಿಲಾ ತಗದಾರ. ಹೊಸ್ತಿಲಾ ಅಷ್ಟ ಎತ್ತರ ಮಾಡ್ಯಾರ."

ನಾಲ್ಕನೆಯ ದಿನ ಅವಳು ಹಾಲು ಕುಡಿದಳು. ದೊಡ್ಡದು ಕೊಡದಿದ್ದರೂ ಶಿವ ಸಣ್ಣದನ್ನು ತಪ್ಪಿಸುವುದಿಲ್ಲ.

ಆ ವಾರವೇ ಕಾಕಾ ಪುಸ್ತಕದಲ್ಲಿ ಹೆಣದ ಪುಟಕ್ಕೆ ಬಂದಿದ್ದರು. ಆ ಕಾಲದಲ್ಲಿ ಕೊಯ್ದು ಕಲಿಯಲು ಹೆಣಗಳಿಗೆ ಭಾಳ ಬರ ಇತ್ತಂತೆ. ದಿಕ್ಕಿಲ್ಲದ ಬಡವರು ಸತ್ತರೆ ಅವರನ್ನೇ ತರುತ್ತಿದ್ದರು. ಕೈ ಒಬ್ಬರಿಗೆ, ಕಾಲು ಒಬ್ಬರಿಗೆ ಅಂತ ಹಂಚಿ, ಪಾಲಿಗೆ ಇಷ್ಟು ಅಂತ ಹುಡುಗರಿಂದ ದುಡ್ಡು ವಸೂಲಿ. ನಾನು ಉಣ್ಣುತ್ತಿದ್ದ ತುತ್ತನ್ನು ಕೆಳಗಿಟ್ಟೆ. ಕಾಕಾ ಮಾತ್ರ ತಮ್ಮ ಕೈಕಾಲುಗಳನ್ನು ಸಂತೆಗೆ ಹೊಡೆಯುವ ಎತ್ತಿನ ಹಾಗೆ ನೋಡಿಕೊಳ್ಳುತ್ತಿದ್ದರು.

ಮರುದಿನ ಕುಷ್ಟಗಿ ದಾಟಿ ಎಷ್ಟೋ ದೂರ ಇರುವ ಒಂದು ಮೆಡಿಕಲ್ ಕಾಲೇಜಿಗೆ ಹೊರಟರು. ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂತ ಬುತ್ತಿ ಕಟ್ಟಿಕೊಂಡು ನಾನೂ ಹೋದೆ. ಯಾವ ಕೆಲಸಕ್ಕೆ ಅಂತ ಗೊತ್ತಿದ್ದರೆ ಹೋಗುತ್ತಿದ್ದೆನೆ? ಅಲ್ಲಿಯ ಆಫೀಸಿನಲ್ಲಿ ಕ್ಲರ್ಕ್ ಒಬ್ಬರು ಸಮಾಧಾನದ ಮನುಷ್ಯ. ಕಾಕಾ ಕೈಮುಗಿದು ಹೇಳಿದರು: "ನಾ ಒಂದು ಹೆಣ ಕೊಡ್ತೀನ್ರಿ. ನಮ್ಮ ಮೊಮ್ಮಗಳಿಗೆ ಒಂದು ಸೀಟ್ ಕೊಡ್ರಿ."

"ಯಾರದ್ರೀ ಹೆಣ?"

"ನಂದ."

ಕ್ಲರ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಯಾವಾಗ ಕೊಡ್ತೀರಿ?"

"ಅದನ್ನ ಹೆಂಗ ಹೇಳಲಿ? ಸೀಟ್ ಮಾತ್ರ ಈ ವರ್ಷ ಬೇಕು."

"ಯಜಮಾನ್ರ, ಇದು ದೇಹದಾನ. ದಾನಕ್ಕ ಬದಲಿ ಏನೂ ಕೊಡೂದಿಲ್ಲ. ಹಂಗ ಕೇಳಾಕೂ ಬಾರದು."

ಕಾಕಾ, "ಹಂಗಾರ ಫಾರಂ ಅಷ್ಟ ಕೊಡ್ರಿ" ಅಂದರು. ಹೊರಗೆ ಬರುವಾಗ ಹೆಣ ಕೊಯ್ಯುವ ಹಾಲ್ ಎಲ್ಲೈತಿ, ಒಮ್ಮೆ ನೋಡಬಹುದೇನು ಅಂತ ಬಾಗಿಲು ಕಾಯುವವನನ್ನು ಕೇಳಿದರು. ಅವನು, "ಹುಡುಗೂರನ್ನ ಬಿಟ್ಟು ಹೊರಗಿನವ್ರನ್ನ ಬಿಡಂಗಿಲ್ಲರಿ" ಅಂದ.

"ಆತು. ಆಮ್ಯಾಲ ಬರ್ತೀನಿ" ಅಂದರು ಕಾಕಾ.

ಬಸ್ಸಿನಲ್ಲಿ ಕಾಕಾ ಫಾರಂ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದರು. ಕುಷ್ಟಗಿಯಲ್ಲಿ ಬಸ್ಸು ನಿಂತಾಗ ನಾನು ಮಗಳಿಗೆ ಅಂತ ಎರಡು ದಾಳಿಂಬೆ ತೆಗೆದುಕೊಂಡೆ. ಪಾಪ, ಮನಸ್ಸು ಮುರಿದಿದೆ, ಇನ್ನು ರಾಣಿಯ ಕಾಟ ತಪ್ಪಿತು ಅಂತ ಒಳಗೊಳಗೇ ಶಿವನನ್ನು ನೆನೆಯುತ್ತಿದ್ದೆ. ಬಸ್ಸು ಬಿಡುವ ಹೊತ್ತಿಗೆ ಕಾಕಾ ನನ್ನ ಕಡೆ ತಿರುಗಿದರು. "ಆಕಿಗೆ ಸೀಟ್ ಕೊಡದಿದ್ರ ಬ್ಯಾಡ ಬಿಡವಾ. ನಾನ ಸೇರ್ತೀನಿ. ಪರೀಕ್ಷಾ ಇಲ್ಲ, ಫೀ ಇಲ್ಲ, ಹೊರಗಿನವ ಅನ್ನೂದೂ ಇಲ್ಲ."

ಫಾರಮ್ಮಿಗೆ ಮನೆಯವರ ಸಹಿ ಬೇಕು. ಯಜಮಾನರು, "ಆಕಿ ಮಾಡಿದ್ರ ನಾನೂ ಮಾಡ್ತೀನಿ" ಅಂತ ನನ್ನನ್ನು ತೋರಿಸಿ ಜಾರಿಕೊಂಡರು. ಗಂಡಸರ ಧೈರ್ಯ ಯಾವಾಗಲೂ ಅಡಿಗೆಮನೆಯ ಹಿಂದೆಯೇ ಅಡಗಿರುತ್ತದೆ. ನಾನು ಖಂಡಿತ ಆಗುವುದಿಲ್ಲ ಅಂದೆ. ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ತಗ್ಗಿನಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅದನ್ನು ಬಿಟ್ಟು ಟೇಬಲ್ಲಿನ ಮೇಲೆ ಹಾಕಿ ಕೊಯ್ಯಲು ಬರೆದುಕೊಡಲೆ?

"ನಿಮ್ಮನ್ನ ಕುಂಡ್ರಸಬೇಕ್ರಿ ಕಾಕಾರ. ಮಲಗಸಾಕ ನನ್ನ ಕೈಲಿ ಆಗಂಗಿಲ್ಲ."

"ಮೂವತ್ತೊಂದು ವರ್ಷ ಕುಂತು ಸಾಕಾಗೈತವಾ. ಇನ್ನ ಸ್ವಲ್ಪ ಮಲಗತೀನಿ."

ಫಾರಂ ಪಂಚಾಂಗದ ಕೆಳಗೆ ವರ್ಷದ ಮೇಲೆ ಬಿತ್ತು. ಅಷ್ಟರಲ್ಲಿ ಮಗಳು ಮೂರನೆಯ ಸಲ ಬರೆದು, ಅದೂ ಆಗದೆ, ತಾನೇ ಸರಕಾರಿ ನರ್ಸಿಂಗಿಗೆ ಅರ್ಜಿ ಹಾಕಿ ಸೇರಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅದೂ ಒಂದು ದಯೆ ಅಂತ ಎಣಿಸಿಕೊಂಡೆ.

ದೀಪಾವಳಿ ಮುಗಿದ ಮೇಲೆ ಕಾಕಾರ ಬಲಗಾಲಿನ ಕಿರುಬೆರಳು ಕಪ್ಪಾಯಿತು. ರಜಕ್ಕೆ ಬಂದ ಮಗಳೇ ಮೊದಲು ನೋಡಿ, ಎಳೆದುಕೊಂಡು ದವಾಖಾನೆಗೆ ಹೋದಳು. ಬೆರಳು ತೆಗೆಯಬೇಕು, ತಡ ಮಾಡಿದರೆ ಕಾಲು, ಇನ್ನೂ ತಡ ಮಾಡಿದರೆ ಜೀವ ಅಂದರು ಡಾಕ್ಟರು. ಮೂವತ್ತೊಂದು ವರ್ಷ ಇಂಥ ಕಾಲುಗಳಿಗೆ ಪಟ್ಟಿ ಕಟ್ಟಿದ ಮನುಷ್ಯ ಏನನ್ನಬೇಕು?

"ಬೆರಳು ತಗೀಬ್ಯಾಡ್ರಿ. ನಾ ಕಾಲೇಜಿಗೆ ಪೂರ್ತಿ ಹೋಗಬೇಕು."

ಮಗಳು ಬೈದಳು, ಯಜಮಾನರು ಕೈಮುಗಿದರು. ಎರಡು ದಿನ ಹೋಯಿತು. ಜ್ವರ ಏರಿತು. "ರಾಣಿ ಕಾಲದಾಗ ಕೊರತಿ ಇದ್ದ ಕಾಲಿಗಿ ಅರ್ಧಾ ಬೆಲಿ ಇದ್ದೀತು" ಅಂತ ಜ್ವರದಲ್ಲೇ ಕನವರಿಸುತ್ತಿದ್ದರು. ನನಗೆ ದಿಕ್ಕೇ ತೋಚಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕು? ಸತ್ತು ಎಷ್ಟೋ ಕಾಲವಾದ ಆ ರಾಣಿಯ ಮೇಲೆಯೆ? ಕೊನೆಗೆ ಪಂಚಾಂಗದ ಕೆಳಗಿನ ಫಾರಂ ತೆಗೆದು, ಅದರ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಅದೇ ಕ್ಲರ್ಕು ಎತ್ತಿದರು. ಕಾಕಾರ ಗುರುತು ಹೇಳಿ, ಬೆರಳು ಕಪ್ಪಾದದ್ದನ್ನು ಹೇಳಿ ಕೇಳಿದೆ.

"ಒಂದು ಬೆರಳಿಲ್ಲದಿದ್ರ ನಡೀತೈತೇನ್ರಿ ಸರ?"

ಅವರು ನಗಲಿಲ್ಲ, ದೇವರು ಅವರನ್ನು ತಣ್ಣಗಿಟ್ಟಿರಲಿ. "ಬೆರಳಿಲ್ಲದಿದ್ರ ಅಡ್ಡಿಯಿಲ್ಲ ತಾಯಿ. ನಂಜು ಏರಿ ತೀರಿಕೊಂಡ್ರ ಮಾತ್ರ ತಗೊಳ್ಳಾಕ ಬರೂದಿಲ್ಲ. ಆಮ್ಯಾಲ, ಮನಿಯವರ ಸಹಿ ಬೇಕ ಬೇಕು."

ನಾನು ಕಾಕಾರ ಮಂಚದ ಹತ್ತಿರ ಹೋಗಿ ಹಾಗೆಯೇ ಹೇಳಿದೆ. ಅವರು ಕಣ್ಣು ಬಿಟ್ಟು ಕೇಳಿದರು: "ಬೆರಳು ಕೊಟ್ಟೆ ಅಂತ ತಿಳಿ. ಸಹಿ ಕೊಡಾವ್ರು ಯಾರು?"

"ಲಿಂಗ?" ಅಂದೆ ನಾನು. ಅಷ್ಟೇ ಹೊರಟಿತು ಬಾಯಿಂದ.

ಅವರು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು. "ಅವತ್ತು ನೀನ ತಗದು ಇಟ್ಕೊ. ನಮ್ಮ ಅಪ್ಪನ ಮಗ್ಗಲಕ ತಗ್ಗು ತಗದು, ನನ್ನ ಬದಲಿ ಅದನ್ನ ಕುಂಡ್ರಸು. ಮಗ ಸಾಲಿಗೆ ಹೋಗ್ಯಾನ ಅಂತ ಹೇಳು ಅಪ್ಪಗ."

ದವಾಖಾನೆಯ ಬೆಂಚಿನ ಮೇಲೆ ಕೂತು, ಒಂದೇ ಪೆನ್ನಿನಿಂದ ಎರಡು ಸಹಿ ಮಾಡಿದೆ. ಒಂದು ಬೆರಳು ತೆಗೆಯಲಿಕ್ಕೆ, ಒಂದು ಇಡೀ ಮನುಷ್ಯನನ್ನು ಕೊಡಲಿಕ್ಕೆ. ಎರಡನೆಯದರಲ್ಲಿ ನನ್ನ ಹೆಸರು ನನಗೇ ಓದಲು ಬರುವಂತಿಲ್ಲ. ಅದರ ಕೆಳಗೆ ಯಜಮಾನರೂ ಮಾಡಿದರು.

ಈಗ ಗಾಯ ಒಣಗುತ್ತಿದೆ. ರಜದಲ್ಲಿ ಬಂದಾಗ ಮಗಳೇ ಪಟ್ಟಿ ಬದಲಿಸುತ್ತಾಳೆ. ಕಾಕಾ ಸ್ಟೂಲಿನ ಮೇಲೆ ಕೂತು, ನಾಲ್ಕು ಬೆರಳಿನ ಕಾಲನ್ನು ಚಾಚಿ, "ಬಿಗಿ ಆತು, ಸಡಿಲ ಮಾಡು" ಅಂತ ತಪ್ಪು ಹುಡುಕಿ, ಆಮೇಲೆ ಲಗ್ನಪತ್ರಿಕೆಯ ಹಿಂದೆ ಸಹಿ ಹಾಕಿಕೊಡುತ್ತಾರೆ. ಅವಳು ಅದನ್ನು ಜೋಪಾನವಾಗಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ.

ಮೂರು ವರ್ಷ ದಿನಾ ಪೂಜೆಗೆ ಕೂತಾಗ ನಾನು ಶಿವನನ್ನು ಕೇಳಿದ್ದು ಒಂದೇ: ನಮ್ಮ ಮನೆಗೆ ಒಂದು ಮೆಡಿಕಲ್ ಸೀಟು ಕೊಡು. ಯಾರಿಗೆ ಅಂತ ಹೆಸರು ಹೇಳದೆ ಬೇಡಿದ್ದು ನನ್ನದೇ ತಪ್ಪಿರಬೇಕು, ಕೊಟ್ಟುಬಿಟ್ಟಿದ್ದಾನೆ. ಈಗ ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಗೌರಿಯ ಮೈಮೇಲೆ ಇನ್ನೂ ಅಳಿಸದೆ ಉಳಿದ ಪೆನ್ಸಿಲ್ ಗೀಟು ನೋಡುತ್ತ, ಬೇರೆ ಅರ್ಜಿ ಹಾಕುತ್ತೇನೆ. ಸೀಟು ಅವರದೇ, ಯಾರೂ ಕಸಗೊಳ್ಳುವುದಿಲ್ಲ. ಆದರೆ ಈ ವರ್ಷ ಕರಕೋಬ್ಯಾಡಪ್ಪ. ಇನ್ನೊಂದು ವರ್ಷ ಮನಿಯಾಗ ಕುಂತು ಓದಲಿ.