ಐದನೇ ಮೆಟ್ಟಿಲಿನ ಸಾಕ್ಷಿ

ಮದುವೆಯಾದ ಮೊದಲ ವರ್ಷ ಗಂಡ ತನ್ನನ್ನು ಬೀದಿ ತುದಿಗೂ ಕರೆದುಕೊಂಡು ಹೋಗಲಿಲ್ಲ ಎಂಬುದು ಆಕೆಯ ಮೂವತ್ತು ವರ್ಷಗಳ ಅಖಂಡ ದೂರು. ಬಂದರು ಕಚೇರಿಯಲ್ಲಿ ಸಮುದ್ರದ ಏರಿಳಿತ ಬರೆದಿಡುವ ಗುಮಾಸ್ತನಾಗಿದ್ದು ನಿವೃತ್ತನಾದ ಗಂಡನಿಗೆ ಅದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. ಹೀಗಿರುವಾಗ, ಆಲ್ಬಮ್ ಮಾಡಲು ಹೊರಟ ಮಗಳು ಪೆಟ್ಟಿಗೆಯಿಂದ ಒಂದು ಹಳೆಯ ಫೋಟೋ ತೆಗೆದಳು. ಹಡಗುಕಟ್ಟೆಯ ಕಲ್ಲಿನ ಮೆಟ್ಟಿಲುಗಳು, ಪಕ್ಕದಲ್ಲಿ ನಗುತ್ತಿರುವ ಅಮ್ಮ, ಹಿಂದೆ ಅರ್ಧ ಬಣ್ಣ ಬಳಿದ ದೀಪಸ್ತಂಭ. ಗುಮಾಸ್ತನಿಗೆ ಸ್ವರ್ಗ ಮೂರೇ ಗೇಣು.

"ನೋಡೇ! ಮೊದಲನೇ ವರ್ಷವೇ ಸಮುದ್ರ ತೋರಿಸಿದ್ದೀನಿ."

"ಅದು ಐದನೇ ವರ್ಷ. ನಾನು ಗೊಣಗಿ ಗೊಣಗಿ ಸುಸ್ತಾದ ಮೇಲೆ ಹೋಗಿದ್ದು."

"ದೀಪಸ್ತಂಭಕ್ಕೆ ಬಣ್ಣ ಹಚ್ಚಿದ್ದು ನಮ್ಮ ಮದುವೆ ವರ್ಷ ಕಣೇ."

"ಶುರು ಮಾಡಿದ್ದು ಆ ವರ್ಷ. ನಿಮ್ಮ ಇಲಾಖೆ ಕೆಲಸ ಅಲ್ವೇನ್ರೀ, ಐದು ವರ್ಷ ಎಳೆದ್ರು."

ಗುಮಾಸ್ತ ಫೋಟೋವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ. (ನಿಜಕ್ಕೂ ಎಳೆದದ್ದು ಆರು ವರ್ಷ.)

"ಫೋಟೋ ಕೆಳಗೆ ಇಸವಿ ಬರೀಬೇಕಪ್ಪ, ಯಾರ ಮಾತು ಬರೀಲಿ?" ಎಂದಳು ಮಗಳು. 'ಐದನೇ ವರ್ಷ' ಎಂದು ಒಮ್ಮೆ ಅಂಟಿಸಿಬಿಟ್ಟರೆ ಮುಗಿಯಿತು, ಮೊಮ್ಮಕ್ಕಳ ಕಾಲಕ್ಕೂ ತಾನು ರಸಹೀನ ಗಂಡ! ಗುಮಾಸ್ತ ಭೂತಗನ್ನಡಿ ಹಿಡಿದು ಊಟದ ಮೇಜನ್ನು ಆಕ್ರಮಿಸಿದ.

"ತಟ್ಟೆ ಎಲ್ಲಿಡ್ಲಿ?"

"ಸಂಶೋಧನೆ ನಡೀತಿದೆ."

"ಹಾಗಾದ್ರೆ ಅದನ್ನೇ ತಿನ್ನಿ."

ನೆರಳಿನ ಉದ್ದ ಅಳೆದು, ಹೊತ್ತು ಸಂಜೆ ನಾಲ್ಕೂವರೆ ಎಂದು ನಿರ್ಣಯಿಸಿದ. ನೀರು ಐದನೇ ಮೆಟ್ಟಿಲಿನಿಂದ ಕೆಳಗೆ ಇಳಿದಿತ್ತು. ಆ ಹೊತ್ತಿಗೆ ಅಷ್ಟು ಇಳಿತ ಅಪರೂಪ. ಸೇವೆಯುದ್ದಕ್ಕೂ ನಕಲು ಮಾಡಿಟ್ಟುಕೊಂಡಿದ್ದ ಅಳತೆ ಪುಸ್ತಕಗಳನ್ನು ಮೂರು ದಿನ ಜಾಲಾಡಿದ. ನಾಲ್ಕನೇ ದಿನ ಬೆಳಗ್ಗೆ ಮನೆ ಹಾರಿಹೋಗುವಂತೆ ಕೂಗಿದ.

"ಸಿಕ್ಕಿತು! ಮದುವೆಯಾದ ಐದನೇ ತಿಂಗಳು, ಹನ್ನೊಂದನೇ ತಾರೀಖು! ಅಷ್ಟೂ ವರ್ಷಗಳಲ್ಲಿ ಇಂಥ ದಿನ ಇದೊಂದೇ. ಒಂದೂ ಸುಳ್ಳು ಅಂಕಿ ಬರೆದವನಲ್ಲ ನಾನು!"

ಹೆಂಡತಿ ಕನ್ನಡಕ ಏರಿಸಿ ಆ ಸಾಲನ್ನು ನಿಧಾನವಾಗಿ ಓದಿದಳು. "'ಸಂಜೆ ನಾಲ್ಕೂವರೆ. ಕಚೇರಿಯ ಅಳತೆಗೋಲಿನಲ್ಲಿ ಖುದ್ದಾಗಿ ನೋಡಿ ಬರೆದದ್ದು.' ಕೆಳಗೆ ನಿಮ್ಮ ಸಹಿ. ನಾಲ್ಕೂವರೆಗೆ ನೀವು ಆಫೀಸಲ್ಲಿದ್ರೆ, ಹಡಗುಕಟ್ಟೇಲಿ ನನ್ನ ಫೋಟೋ ತೆಗೆದ ಪುಣ್ಯಾತ್ಮ ಯಾರ್ರೀ?"

ಮಗಳು ಕಿಸಕ್ಕನೆ ನಕ್ಕಳು. ಗುಮಾಸ್ತನಿಗೆ ಅತ್ತ ದರಿ, ಇತ್ತ ಪುಲಿ. ಕೊನೆಗೆ ಸೇವಾನಿಷ್ಠೆಯನ್ನೇ ಬಲಿ ಕೊಟ್ಟ.

"ಆವತ್ತು ಆಫೀಸಿಗೆ ಚಕ್ಕರ್ ಹೊಡೆದಿದ್ದೆ ಕಣೇ. ನಿನಗೋಸ್ಕರ."

ಆಕೆಯ ಮುಖ ಅರಳಿತು. "ಅಯ್ಯೋ! ನನಗೋಸ್ಕರ ಸುಳ್ಳು ಅಂಕಿ ಬರೆದ್ರಾ? ಬರೀ ಮಗಳೇ, ಮೊದಲನೇ ವರ್ಷ ಅಂತಲೇ ಬರಿ."

ಮೂವತ್ತು ವರ್ಷಗಳ ಕದನ ಗೆದ್ದಾಗಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ 'ಸುಳ್ಳು ಅಂಕಿ' ಎಂಬ ಮಾತು ಗುಮಾಸ್ತನ ಎದೆಗೆ ನಾಟಿತು.

"ಸುಳ್ಳು ಯಾಕೆ ಬರೀಲಿ? ಆ ಮೆಟ್ಟಿಲುಗಳ ಎತ್ತರ ನನಗೆ ಬಾಯಿಪಾಠ. ಅಲ್ಲೇ ಎಣಿಸಿ ಲೆಕ್ಕ ಹಾಕ್ದೆ. ನಾಳೆ ಯಾರಾದ್ರೂ ಕೇಳಿದ್ರೆ ದಾಖಲೆ ಇರ್ಲಿ ಅಂತಾನೇ ಫೋಟೋ ತೆಗೆದದ್ದು!"

ಹೆಂಡತಿ ಫೋಟೋ ಕೈಗೆತ್ತಿಕೊಂಡಳು. ಮೆಟ್ಟಿಲುಗಳು ನಟ್ಟನಡುವೆ, ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ನಿಚ್ಚಳವಾಗಿದ್ದವು. ಆಕೆಯ ಒಂದು ಭುಜ ಚೌಕಟ್ಟಿನಿಂದಾಚೆ ಹೋಗಿತ್ತು.

"ಮತ್ತೆ ನಾನು?"

"ನೀನು... ಅಡ್ಡ ಬಂದಿದ್ದೆ."

ಈಗ ಮನೆಗೆ ಯಾರೇ ಬಂದರೂ ಆಕೆ ಮೊದಲು ತೆರೆಯುವುದು ಆ ಪುಟವನ್ನೇ. ಫೋಟೋದ ಕೆಳಗೆ ಮಗಳ ದುಂಡು ಅಕ್ಷರ: 'ಮದುವೆಯಾದ ಮೊದಲನೇ ವರ್ಷ, ಸಂಜೆ ನಾಲ್ಕೂವರೆ. ಅಪ್ಪ ನೀರಿನ ಮಟ್ಟದ ಫೋಟೋ ತೆಗೆಯುವಾಗ ಅಡ್ಡ ಬಂದ ಅಮ್ಮ.'

"ತಾರೀಖು ಕಂಡುಹಿಡಿದದ್ದು ಇವರೇ," ಎಂದು ಆಕೆ ಗಂಡನತ್ತ ಕೈ ತೋರಿಸುತ್ತಾಳೆ, "ಒಬ್ಬರೇ ಕೂತು!"