ನಿದ್ದೆ ವಿಚಾರಿಸಲು ಬಂದವನು

ಬಾಗಿಲು ತೆರೆದ ಟೈಲರಮ್ಮ ಕೈಯಲ್ಲಿದ್ದ ಕತ್ತರಿಯನ್ನೂ ಇಳಿಸದೆ, "ಮತ್ತೆ ಬಂದ್ರಾ? ರಾತ್ರಿ ತಾನೆ ಎಲ್ಲಾ ಹೇಳಿದ್ನಲ್ಲ" ಎಂದಾಗ, ಪ್ರಶ್ನಪ್ಪ ಅದನ್ನು ತಮಾಷೆ ಎಂದುಕೊಂಡು ಹಲ್ಲು ಕಿರಿದ.

ಪ್ರಶ್ನಪ್ಪ ಎಂಬುದು ಆ ಕಟ್ಟಡದವರೇ ಇಟ್ಟ ಹೆಸರು. ಅವನು ನಿದ್ರಾ ಚಿಕಿತ್ಸಾಲಯದ ಗುಮಾಸ್ತ. ಅಲ್ಲಿನ ಡಾಕ್ಟರಮ್ಮ ವಯಸ್ಕರ ನಿದ್ದೆ ಎಂಥದು ಎಂದು ತಿಳಿಯಲು ಒಂದು ಪ್ರಶ್ನಾವಳಿ ಮಾಡಿದ್ದರು. ಅದು ಅಳೆಯುವುದು ನಿದ್ದೆಯನ್ನೋ ಬರೀ ಬಾಯಿಮಾತನ್ನೋ ಎಂದು ಈಗ ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಒಂದೇ ಜನರನ್ನು ಕೆಲವು ವಾರ ಬಿಟ್ಟು ಎರಡು ಸಲ ಕೇಳುವುದು. ನಿದ್ದೆ, ಎಚ್ಚರ ಗುರುತಿಸುವ ಪಟ್ಟಿಯನ್ನು ಅವರ ಕೈಗೆ ಕಟ್ಟಿ, ಉತ್ತರಗಳನ್ನು ಅದರೊಂದಿಗೆ ತಾಳೆ ನೋಡುವುದು. ಊರೆಲ್ಲ ಅಲೆಯಲು ಸೋಮಾರಿತನವಾಗಿ ಪ್ರಶ್ನಪ್ಪ ತನ್ನ ಕಟ್ಟಡದವರನ್ನೇ ಹಿಡಿದಿದ್ದ. ಒಬ್ಬರು ಕಡಿಮೆ ಬಿದ್ದಾಗ ತನ್ನ ಕೈಗೂ ಒಂದು ಪಟ್ಟಿ ಕಟ್ಟಿಕೊಂಡಿದ್ದ. ಈ ಎರಡನೇ ಸುತ್ತು ಸರಿಹೋದರೆ ಕೆಲಸ ಖಾಯಂ ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದರು.

ಮೇಲಿನ ಮನೆಯ ನಿವೃತ್ತ ಲಾರಿ ಡ್ರೈವರ್ ತಮಾಷೆ ಮಾಡುವ ಮನುಷ್ಯನಲ್ಲ. ಅವರು ಪ್ರಶ್ನಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ದನಿ ತಗ್ಗಿಸಿದರು.

"ರಾತ್ರಿ ನೀನು ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದೆ ಕಣಪ್ಪ. ಕಣ್ಣು ಮುಚ್ಚಿತ್ತು. ನೀನು ಅಷ್ಟು ಮೆತ್ತಗೆ ಕೇಳಿದ್ಮೇಲೆ ನನಗೆ ಸುಳ್ಳು ಹೇಳೋಕೇ ಆಗ್ಲಿಲ್ಲ. ಲಾರಿ ಬಿಟ್ಟ ಮೇಲೆ ನೆಟ್ಟಗೆ ನಿದ್ದೇನೇ ಬಂದಿಲ್ಲ ಅಂದ್ಬಿಟ್ಟೆ."

ಪ್ರಶ್ನಪ್ಪನ ಬೆನ್ನಿನ ಮೇಲೆ ಇರುವೆ ಸಾಲು ಹರಿದಂತಾಯಿತು. ಆದರೂ ಬಂದ ಕೆಲಸ ಬಿಡುವಂತಿಲ್ಲ. ಪೆನ್ನು ತೆಗೆದು, ಈಗ ನಿದ್ದೆ ಹೇಗಿದೆ ಎಂದು ಕೇಳಿದ. ಡ್ರೈವರ್ ಹಗಲಿನ ಮುಖ ಹಾಕಿಕೊಂಡು, "ಬಹಳ ಚೆನ್ನಾಗಿದೆ, ಬರ್ಕೋ" ಎಂದರು.

ಮನೆಮನೆಯಲ್ಲೂ ಇದೇ ಕತೆ. ರಾತ್ರಿ ಕೊಟ್ಟ ಉತ್ತರ ಒಂದು, ಈಗ ಕೊಡುವುದು ಇನ್ನೊಂದು. ಪ್ರಶ್ನಪ್ಪ ಎರಡನ್ನೂ ಬರೆದುಕೊಂಡ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಜನ ಸೇರಿ ಅವನ ನಿದ್ದೆನಡಿಗೆಗೆ ಮದ್ದು ಹೇಳತೊಡಗಿದರು. ಒಬ್ಬರು ಕಾಲನ್ನು ಮಂಚಕ್ಕೆ ಕಟ್ಟು ಎಂದರು, ಇನ್ನೊಬ್ಬರು ಕೊರಳಿಗೆ ಗಂಟೆ ಎಂದರು. ಎಲೆಕ್ಟ್ರಿಷಿಯನ್ ಬಾಗಿಲ ಹಿಡಿಗೆ ಕರೆಂಟು ಕೊಡಲೂ ತಯಾರಿದ್ದ, ಅದೂ ಪುಕ್ಕಟೆಯಾಗಿ.

ಗದ್ದಲ ಕೇಳಿ ಪ್ರಶ್ನಪ್ಪನ ಹೆಂಡತಿ ಹೊರಗೆ ಬಂದಳು. "ರಾತ್ರಿ ಬೀಗ ಹಾಕಿ ಕೀಲಿ ನನ್ನ ದಿಂಬಿನಡಿ ಇಟ್ಕೊಂಡಿದ್ದೆ. ಇವರೆಲ್ಲಿಗೆ ಹೋಗ್ತಾರೆ? ಇವರ ಗೊರಕೆಗೆ ನಾನು ಬೆಳಗಿನವರೆಗೂ ಎಚ್ಚರವಾಗೇ ಇದ್ದೆ."

ಸಲಹೆ ಕೊಡಲು ನಾ ಮುಂದು ತಾ ಮುಂದು ಎನ್ನುತ್ತಿದ್ದವರು ಕೈಯ ಪಟ್ಟಿ ಬಿಚ್ಚಿಕೊಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದರು. ಕೆಳಗಿನಿಂದ ಮೇಲಿನವರೆಗೆ ಚಿಲಕಗಳ ಸದ್ದು ಕೇಳಿಸಿತು.

ಪ್ರಶ್ನಪ್ಪ ಏದುಸಿರು ಬಿಡುತ್ತ ಚಿಕಿತ್ಸಾಲಯ ತಲುಪಿ, ನಡೆದದ್ದನ್ನೆಲ್ಲ ಹೇಳಿ ಎರಡೂ ಉತ್ತರಗಳನ್ನು ಮುಂದಿಟ್ಟ. ಡಾಕ್ಟರಮ್ಮ ಪಟ್ಟಿಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಹಿಂದಿನ ರಾತ್ರಿಯ ಗೆರೆಗಳು ಮೂಡಿದವು. ಒಂದು ಮನೆಯ ನಿದ್ದೆ ಕೆಟ್ಟ ಮೇಲೆ ಅದರ ಮೇಲಿನ ಮನೆಯದು, ಆಮೇಲೆ ಅದರ ಮೇಲಿನದು. ಯಾರೋ ನಿಧಾನವಾಗಿ ಮೆಟ್ಟಿಲು ಹತ್ತಿದ ಹಾಗೆ. ಪ್ರಶ್ನಪ್ಪನ ಗೆರೆ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯಂತೆ ಸಪಾಟಾಗಿತ್ತು. ಅವನು ಮಗ್ಗುಲು ಕೂಡ ಬದಲಿಸಿರಲಿಲ್ಲ.

ಸದ್ಯ, ನಾನಲ್ಲ ಎಂದು ಅವನಿಗೆ ಖುಷಿಯಾಯಿತು. ಮರುಕ್ಷಣವೇ ಪರದೆಯತ್ತ ಬಾಗಿ ಕೇಳಿದ.

"ಹಾಗಾದ್ರೆ ಹೋದವ್ರು ಯಾರು ಮೇಡಂ?"

ಡಾಕ್ಟರಮ್ಮ ತಲೆ ಎತ್ತಲಿಲ್ಲ. ರಾತ್ರಿಯ ಉತ್ತರಗಳು ಪಟ್ಟಿಯ ಗೆರೆಗಳಿಗೆ ಎರಕ ಹೊಯ್ದಂತೆ ಹೊಂದುತ್ತಿದ್ದವು. ಹಗಲಿನವು ಯಾವುದಕ್ಕೂ ಹೊಂದುತ್ತಿರಲಿಲ್ಲ.

"ಪ್ರಶ್ನೆಗಳಲ್ಲಿ ದೋಷ ಇಲ್ಲ, ಕೇಳೋರಲ್ಲಿದೆ" ಎಂದರು. "ರಾತ್ರಿ ಹೋದವರ ಕೆಲಸ ಖಾಯಂ. ನೀವು ನಾಳೆಯಿಂದ ಬರೋದು ಬೇಡ. ಅವರು ಸಿಕ್ಕಿದ್ರೆ ಬಂದು ನನ್ನನ್ನ ನೋಡೋಕೆ ಹೇಳಿ."

ಮಧ್ಯಾಹ್ನ ಪ್ರಶ್ನಪ್ಪ ಮನೆಗೆ ಬಂದಾಗ ಹೆಂಡತಿ ಪೇಟೆಗೆ ಹೋಗಿದ್ದಳು. ಕೆಲಸ ಹೋದ ದುಃಖಕ್ಕೆ ಅಳಬೇಕೋ, ಹೆದರಿಕೆಗೆ ನಡುಗಬೇಕೋ ತಿಳಿಯದೆ ಅವನು ಬಾಗಿಲಿಗೆ ಅಗುಳಿ ಹಾಕಿ, ಮುಸುಕೆಳೆದು ಮಲಗಿದ. ರೆಪ್ಪೆಗೆ ರೆಪ್ಪೆ ಅಂಟಲಿಲ್ಲ.

ಯಾರೋ ಬಾಗಿಲು ತಟ್ಟಿದರು.

"ತೊಂದರೆ ಇಲ್ಲಾಂದ್ರೆ, ನಿಮ್ಮ ನಿದ್ದೆ ಬಗ್ಗೆ ಎರಡು ಮಾತು ಕೇಳ್ಬಹುದಾ?"

ಮೆತ್ತನೆಯ ದನಿ. ಅದು ಅವನದೇ ದನಿ. ಪ್ರಶ್ನಪ್ಪ ಮುಸುಕಿನೊಳಗಿಂದಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಬಹಳ ಚೆನ್ನಾಗಿದೆ."

ಹೊರಗೆ ಪೆನ್ನಿನ ಸದ್ದು ಶುರುವಾಗಿ ಅರ್ಧಕ್ಕೇ ನಿಂತಿತು. ಆಮೇಲೆ ಒಂದು ನಿಟ್ಟುಸಿರು.

"ಹಗಲಲ್ಲಿ ಕೇಳಿದ್ರೆ ಎಲ್ಲರದೂ ಇದೇ ಗೋಳು. ಇರಲಿ, ರಾತ್ರಿ ಬರ್ತೀನಿ."